ದಿಂಬಿನಿಂದ ತಲೆ ಎತ್ತಲು ಹೇಳಿ ನೋಡಿ

ಪ್ರಶ್ನೆ: ನನಗೆ 36 ವರ್ಷ. ಜನರಲ್ ಮೆಡಿಸಿನ್ ಎಂಡಿ. ಗದಗ ಭಾಗದ ಒಂದು ಬೋಧನಾ ಆಸ್ಪತ್ರೆಯಲ್ಲಿ ಐದು ವರ್ಷದಿಂದ ಅಸಿಸ್ಟೆಂಟ್ ಪ್ರೊಫೆಸರ್. ತವರು ಹಾವೇರಿ ಜಿಲ್ಲೆ, ಮನೆ ಹುಬ್ಬಳ್ಳಿ, ದಿನಾ ರೈಲಿನಲ್ಲಿ ಓಡಾಟ. ಒಪಿಡಿ, ವಾರ್ಡು, ಕ್ಲಾಸು ಮುಗಿಸುವಷ್ಟರಲ್ಲಿ ಸಂಜೆಯಾಗಿರುತ್ತದೆ. ಈಚೆಗಂತೂ ಬೆಳೆಗೆ ಹೊಡೆಯುವ ಎಣ್ಣಿ (ಕೀಟನಾಶಕ) ಕುಡಿದು ಬರುವ ಕೇಸುಗಳೇ ರಾತ್ರಿ ಡ್ಯೂಟಿಯನ್ನೆಲ್ಲ ತಿನ್ನುತ್ತಿವೆ. ಎರಡು-ಮೂರು ದವಾಖಾನೆ ಸುತ್ತಿ ಬಂದವರಿಗೇ ಮೂರನೇ ದಿನ ವೆಂಟಿಲೇಟರ್ ಬೇಕಾಗುವುದು ಜಾಸ್ತಿ ಅನ್ನಿಸುತ್ತದೆ. ಇರಲಿ, ವಿಷಯಕ್ಕೆ ಬರುತ್ತೇನೆ. ಬಡ್ತಿಗೆ ಎರಡು ಪೇಪರ್ ಬೇಕು, ನನ್ನ ಹತ್ತಿರ ಒಂದೂ ಇಲ್ಲ. ಸಂಶೋಧನೆಗೆ ಒಂದು ವಿಷಯವೂ ಹೊಳೆಯುವುದಿಲ್ಲ. ದುಡ್ಡು ಕೊಟ್ಟರೆ ಇಪ್ಪತ್ತು ದಿನದಲ್ಲಿ ಪೇಪರ್ ಹಾಕಿಸಿಕೊಡುತ್ತೇವೆ ಎಂದು ವಾಟ್ಸಾಪ್‌ನಲ್ಲಿ ಸಂದೇಶ ಬರುತ್ತಿರುತ್ತವೆ. ಸಕ್ಕರೆ ಕಾಯಿಲೆಯ ಹೊಸ ಔಷಧದ ಟ್ರಯಲ್ ನಡೆಸುತ್ತೀರಾ ಎಂದು ಒಂದು ಕಂಪನಿಯವರು ಕೇಳಿದ್ದಾರೆ. ಈ ನಡುವೆ ಡೆಪ್ಯುಟಿ ಸೂಪರಿಂಟೆಂಡೆಂಟ್ ಆಗಿ ಎಂಬ ಒತ್ತಾಯ; ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. 'ಇಷ್ಟು ಕಲ್ತು ಪಗಾರಕ್ಕ ಯಾಕ ದುಡೀತಿ, ಸ್ವಂತ ದವಾಖಾನಿ ಹಾಕು' ಅನ್ನುತ್ತಾರೆ ಅತ್ತೆ. ಬೆಂಗಳೂರಿಗೋ ವೆಲ್ಲೂರಿಗೋ ಹೋಗದೆ ನನ್ನಂಥವರಿಗೆ ಸಂಶೋಧನೆ ಸಾಧ್ಯವೇ? ಪಾಠ, ಸಂಶೋಧನೆ, ಆಡಳಿತ ಮೂರರಲ್ಲಿ ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಿಷಯವೇ ಹೊಳೆಯುವುದಿಲ್ಲ ಎಂದು ಬರೆದಿದ್ದೀರಿ. ಅದಕ್ಕಿಂತ ನಾಲ್ಕು ಸಾಲು ಮೇಲೆ ಅಪ್ಪಟ ಸಂಶೋಧನಾ ಪ್ರಶ್ನೆಯೊಂದನ್ನು ಬರೆದು, 'ಇರಲಿ' ಎಂದು ದಾಟಿಬಿಟ್ಟಿದ್ದೀರಿ. ಎರಡು-ಮೂರು ದವಾಖಾನೆ ಸುತ್ತಿ ಬಂದ ಕೀಟನಾಶಕದ ರೋಗಿಗಳಿಗೆ ಮೂರನೇ ದಿನ ವೆಂಟಿಲೇಟರ್ ಜಾಸ್ತಿ ಬೇಕಾಗುತ್ತದೆಯೇ? ನನ್ನ ಮಟ್ಟಿಗೆ ನಿಮ್ಮ ಪತ್ರದ ವಿಷಯ ಇದೇ. ಉಳಿದದ್ದೆಲ್ಲ ಇದರ ಸುತ್ತ ಬರಲಿ.

ನಾನು ಹುಬ್ಬಳ್ಳಿಯಲ್ಲಿ ಓದಿದವನು. 1957ರಲ್ಲಿ ಶುರುವಾದ ಆ ಕಾಲೇಜನ್ನು ಕಿಮ್ಸ್ ಅನ್ನುವುದು ಈಗಿನವರು, ನಮ್ಮ ಬಾಯಲ್ಲಿ ಇವತ್ತಿಗೂ ಅದು ಕೆಎಂಸಿ. ಮೂವತ್ತು ವರ್ಷಕ್ಕೂ ಮೇಲೆ ಮೆಡಿಸಿನ್ ಪಾಠ ಹೇಳಿ ಈಗ ಧಾರವಾಡದ ಮನೆಯಲ್ಲಿದ್ದೇನೆ. ನಿಮ್ಮ ವಯಸ್ಸಿನಲ್ಲಿ ನನಗೂ ಸಂಶೋಧನೆ ಎಂದರೆ ಬಿಳಿ ಇಲಿ, ದೊಡ್ಡ ಲ್ಯಾಬು, ಫಾರಿನ್ ರಿಟರ್ನ್ಡ್ ಸಾಹೇಬರು ಎಂಬ ಕಲ್ಪನೆಯೇ ಇತ್ತು. ಅದನ್ನು ಒಡೆದದ್ದು ಒಂದು ತಲೆದಿಂಬು.

ಆಗ ನಮ್ಮ ವಾರ್ಡಿನಲ್ಲಿ ರೋಣದ ಕಡೆಯ ಹುಡುಗನೊಬ್ಬ ಇದ್ದ. ಹತ್ತಿಗೆ ಹೊಡೆಯಲು ತಂದಿಟ್ಟ ಎಣ್ಣಿ ಕುಡಿದಿದ್ದ. ಮೊದಲ ರಾತ್ರಿ ನರ್ಸಮ್ಮ ಈ ವಿಷಕ್ಕೆ ಮದ್ದಾದ ಅಟ್ರೋಪಿನ್ ಆಂಪ್ಯೂಲುಗಳನ್ನು ಒಂದೊಂದಾಗಿ ಮುರಿದು ಮುರಿದು ಬೆರಳು ಕೊಯ್ದುಕೊಂಡಿದ್ದರು. ಒಂದು ಆಂಪ್ಯೂಲಿನಲ್ಲಿ ಇರುವುದೇ 0.6 ಮಿಲಿಗ್ರಾಂ, ವಿಷ ಜೋರಾಗಿದ್ದರೆ ಒಬ್ಬನಿಗೇ ಬುಟ್ಟಿಗಟ್ಟಲೆ ಬೇಕು. ಎರಡನೇ ದಿನ ಹುಡುಗ ಚೇತರಿಸಿಕೊಂಡ, ಅವ್ವನ ಕೈಯಿಂದ ಗಂಜಿ ಕುಡಿದ. ಮೂರನೇ ದಿನ ಬೆಳಿಗ್ಗೆ ರೌಂಡ್ಸಿನಲ್ಲಿ ವಿದ್ಯಾರ್ಥಿನಿಯೊಬ್ಬಳು, 'ಸರ್, ಇಂವಾ ದಿಂಬಿನ ಮ್ಯಾಲಿಂದ ತಲಿ ಎತ್ತವಲ್ಲ' ಅಂದಳು. ನಿದ್ದೆಗಣ್ಣು ಎಂದುಕೊಂಡು ನಾನು ಮುಂದಿನ ಹಾಸಿಗೆಗೆ ಹೋದೆ. ಸಂಜೆ ಉಸಿರಾಟ ಸೋತಿತು. ವೆಂಟಿಲೇಟರ್ ಖಾಲಿ ಇತ್ತು, ಹುಡುಗ ಉಳಿದ. ಅದು ನನ್ನ ಜಾಣತನವಲ್ಲ.

ಆ ರಾತ್ರಿ ಲೈಬ್ರರಿಯಲ್ಲಿ ಹುಡುಕಿದಾಗ 1987ರ ಒಂದು ಲೇಖನ ಸಿಕ್ಕಿತು. ಶ್ರೀಲಂಕಾದ ಇಬ್ಬರು ವೈದ್ಯರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದದ್ದು. ಆರ್ಗನೋಫಾಸ್ಫರಸ್ ಎಂಬ ಗುಂಪಿನ ಕೀಟನಾಶಕ ಸೇವಿಸಿದವರಲ್ಲಿ ಮೊದಲ ಸುತ್ತಿನ ಲಕ್ಷಣಗಳು ಇಳಿದ ಮೇಲೆ, 24ರಿಂದ 96 ತಾಸಿನೊಳಗೆ ಕುತ್ತಿಗೆಯ, ತೋಳು-ತೊಡೆಯ ಮೇಲ್ಭಾಗದ, ಉಸಿರಾಟದ ಸ್ನಾಯುಗಳು ಸೋಲುತ್ತವೆ ಎಂದು ಅವರು ಗುರುತಿಸಿದ್ದರು. ಇಂಟರ್‌ಮೀಡಿಯೆಟ್ ಸಿಂಡ್ರೋಮ್ ಎಂಬ ಹೆಸರು ಬಂದದ್ದು ಆ ಲೇಖನದಿಂದಲೇ. ಅವರು ವರ್ಣಿಸಿದ ರೋಗಿಗಳು ಎಷ್ಟು ಮಂದಿ? ಹತ್ತು. ನಮ್ಮಲ್ಲಿ ಹಂಗಾಮಿನ ಒಂದು ತಿಂಗಳಲ್ಲಿ ಬರುವಷ್ಟು. ದಿಂಬಿನಿಂದ ತಲೆ ಎತ್ತು ಎಂದು ಹೇಳಿ ನೋಡುವುದಕ್ಕೆ ಯಂತ್ರ ಬೇಕಿಲ್ಲ, ನೋಡಿದ್ದನ್ನು ದಿನವೂ ಒಂದೇ ರೀತಿಯಲ್ಲಿ ಬರೆದಿಡುವ ಹಟ ಬೇಕು. ಅದು ಅವರಲ್ಲಿತ್ತು, ನಮ್ಮಲ್ಲಿರಲಿಲ್ಲ.

ಆದ್ದರಿಂದ ಸಂಶೋಧನೆ ದೊಡ್ಡ ಊರಿನವರ ಸೊತ್ತು ಎಂಬುದನ್ನು ಮೊದಲು ತಲೆಯಿಂದ ತೆಗೆಯಿರಿ. ಕೆಲವು ಪ್ರಶ್ನೆಗಳಿಗಂತೂ ಬೆಂಗಳೂರಿನಲ್ಲಿ ರೋಗಿಗಳೇ ಸಿಗುವುದಿಲ್ಲ. ಇದೇ ವಿಷಕ್ಕೆ ಕೊಡುವ ಪ್ರಾಲಿಡಾಕ್ಸಿಮ್ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ನಿರಂತರ ಡ್ರಿಪ್‌ನಲ್ಲಿ ಕೊಟ್ಟರೆ ಲಾಭವಿದೆ ಎಂದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನ ನಡೆದದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ, 200 ರೋಗಿಗಳ ಮೇಲೆ. ಮೂರು ವರ್ಷದ ನಂತರ ಶ್ರೀಲಂಕಾದಲ್ಲಿ 235 ರೋಗಿಗಳ ಅಧ್ಯಯನ ಬಂತು. ಅಲ್ಲಿ ಡೋಸಿನ ಕ್ರಮ ಬೇರೆ, ಹೋಲಿಕೆಯೂ ಬೇರೆ, ಲಾಭ ಮಾತ್ರ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. ಮುಗಿಸುವಷ್ಟು ರೋಗಿಗಳು ಇರುವುದು ನಿಮ್ಮಂಥವರ ವಾರ್ಡುಗಳಲ್ಲಿ.

ನಿಮ್ಮ ಅತ್ತೆಯವರ ಮಾತಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಆರಂಭಿಸಿ ಕೊಂಕಣದ ಮಹಾಡದಂಥ ಸಣ್ಣ ಊರಿನಲ್ಲಿ ನೆಲೆ ನಿಂತ ಡಾ. ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳಿನ ಕಡಿತಕ್ಕೆ ಪ್ರಾಜೋಸಿನ್ ಮಾತ್ರೆ ಕೊಡುವ ಚಿಕಿತ್ಸೆಯನ್ನು ಜಗತ್ತಿಗೆ ತೋರಿಸಿದರು. 2022ರಲ್ಲಿ ಪದ್ಮಶ್ರೀ ಬಂತು. ಸ್ವಂತ ದವಾಖಾನೆ ಹಾಕಿದರೆ ಸಂಶೋಧನೆಯ ಬಾಗಿಲು ಮುಚ್ಚಿತು ಎಂದೇನೂ ಇಲ್ಲ. ಆದರೆ ಅದು ಒಬ್ಬಂಟಿ ದಾರಿ. ಕೈಗೆ ಪಿಜಿ ಹುಡುಗರಿಲ್ಲ, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿ ಕೂಗಳತೆಯಲ್ಲಿಲ್ಲ, ಬ್ಯಾಂಕಿನ ಕಂತು ಮಾತ್ರ ತಿಂಗಳಿಗೊಮ್ಮೆ ಬಾಗಿಲು ಬಡಿಯುತ್ತದೆ. ನಿಮಗೆ ಪಾಠ ಹೇಳುವುದು ಇಷ್ಟವೋ ಇಲ್ಲವೋ ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ. ಅದರ ಮೇಲೆ ಈ ತೀರ್ಮಾನ ನಿಂತಿದೆ, ಸಂಬಳದ ಮೇಲಲ್ಲ.

ಇನ್ನು ದುಡ್ಡು ಕೊಟ್ಟು ಪೇಪರ್ ಹಾಕಿಸುವ ವಿಚಾರ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಪೂರ್ತಿ ಇಲ್ಲ, ಅದಕ್ಕೇ ನನ್ನದೇ ಕಥೆ ಹೇಳುತ್ತೇನೆ. ಬಡ್ತಿಯ ಹೊಸ್ತಿಲಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ನನ್ನ ಹೆಸರನ್ನು ಮೂರನೆಯದಾಗಿ ಸೇರಿಸಿದರು. ನಾನು ಆ ಲೇಖನವನ್ನು ಓದದೆಯೇ ಸಹಿ ಹಾಕಿದೆ. ಕೆಲವು ವರ್ಷದ ನಂತರ ಜರ್ನಲ್ ಕ್ಲಬ್ಬಿನಲ್ಲಿ ಒಬ್ಬ ಪಿಜಿ ಅದೇ ಲೇಖನವನ್ನು ಎತ್ತಿಕೊಂಡು ಬಂದ. ಎರಡನೇ ಕೋಷ್ಟಕದ ಶೇಕಡಾವಾರು ಕೂಡಿಸಿ, 'ಸರ್, ಇದು 112 ಬರ್ತದ' ಅಂದ. ಇಡೀ ವಿಭಾಗ ನನ್ನ ಮುಖ ನೋಡುತ್ತಿತ್ತು. ಈಗ ಜರ್ನಲ್‌ಗಳು ಒಪ್ಪಿಕೊಂಡಿರುವ ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಪದ್ಧತಿಯಲ್ಲಿ ಲೇಖಕ ಅನ್ನಿಸಿಕೊಳ್ಳಲು ನಾಲ್ಕೂ ಬೇಕು: ಯೋಜನೆಯಲ್ಲೋ ಮಾಹಿತಿಯಲ್ಲೋ ನಿಜವಾದ ಕೆಲಸ, ಬರವಣಿಗೆಯಲ್ಲೋ ತಿದ್ದುವುದರಲ್ಲೋ ಕೈ, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತು ಮುಂದೆ ಯಾರು ಏನು ಕೇಳಿದರೂ ಉತ್ತರ ಹೇಳುವ ಹೊಣೆ. ನಾನು ಸಿಕ್ಕಿಬಿದ್ದದ್ದು ನಾಲ್ಕನೆಯದರಲ್ಲಿ.

ವಾಟ್ಸಾಪ್‌ನವರು ಮಾರುವುದು ಬೇರೊಬ್ಬರು ಹೊಸೆದ ಅಂಕಿಗಳನ್ನು. ಅದು ಇಂಟರ್ನೆಟ್‌ನಲ್ಲಿ ನಿಮ್ಮ ಹೆಸರಿಗೆ ಅಂಟಿಕೊಂಡು ಕೂರುತ್ತದೆ, ಹಿಂತೆಗೆದರೂ ಹಿಂತೆಗೆದದ್ದೇ ಸುದ್ದಿ. ನಿಯಮದ ದೃಷ್ಟಿಯಿಂದಲೂ ಲೆಕ್ಕ ಕೂಡುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ನಾಲ್ಕು ವರ್ಷ, ಎರಡು ಪ್ರಕಟಣೆ, ಜೊತೆಗೆ ಬೋಧನಾ ವಿಧಾನದ ಮತ್ತು ಸಂಶೋಧನಾ ವಿಧಾನದ ಎರಡು ಮೂಲ ಕೋರ್ಸುಗಳು ಇದ್ದರೆ ಅಸೋಸಿಯೇಟ್ ಹುದ್ದೆಗೆ ಅರ್ಹತೆ. ಪ್ರಕಟಣೆ ಆಯೋಗ ಹೆಸರಿಸಿದ ಸೂಚಿಗಳಲ್ಲಿರುವ ಜರ್ನಲ್‌ನಲ್ಲೇ ಇರಬೇಕು. 2025ರಲ್ಲಿ ನಿಯಮಗಳು ಮತ್ತೆ ಬದಲಾಗಿವೆ. ಕ್ಯಾಂಟೀನಿನ ಮಾತು ನಂಬದೆ, ಕಡತ ಕಳಿಸುವ ದಿನ ಜಾರಿಯಲ್ಲಿರುವ ಗೆಜೆಟ್ ಪ್ರತಿಯನ್ನೇ ತೆಗೆದು ಓದಿ. ಸಂಶೋಧನಾ ವಿಧಾನದ ಕೋರ್ಸನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಚೆನ್ನೈ ಸಂಸ್ಥೆ ಆನ್‌ಲೈನ್‌ನಲ್ಲಿ ನಡೆಸುತ್ತದೆ. ಪಾಠ ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಹುಬ್ಬಳ್ಳಿ-ಗದಗ ರೈಲಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಆ ಪಾಠಗಳು ಮುಗಿಯುತ್ತವೆ. ಅಣ್ಣಿಗೇರಿ ದಾಟಿದ ಮೇಲೆ ನೆಟ್‌ವರ್ಕ್ ಕೈಕೊಟ್ಟರೆ ನಾನು ಹೊಣೆಯಲ್ಲ.

ಕಂಪನಿಯ ಟ್ರಯಲ್ ಬಗ್ಗೆ ಎರಡು ಥರದ ತಪ್ಪು ಕಲ್ಪನೆಗಳಿವೆ. ವೈದ್ಯರಲ್ಲಿರುವುದು ಒಂದು: ಟ್ರಯಲ್ ಹಿಡಿದರೆ ದುಡ್ಡೂ ಬಂತು, ಪೇಪರೂ ಬಂತು ಎಂದು. ದುಡ್ಡು ಬರುವುದು ಸಂಸ್ಥೆಯ ಖಾತೆಗೆ, ಒಪ್ಪಂದದ ಮೂಲಕ; ಹಾಗೇ ಇರಬೇಕು. ಪೇಪರ್ ಬಹುಪಾಲು ಬರುವುದಿಲ್ಲ. ಹತ್ತಾರು ಆಸ್ಪತ್ರೆಗಳಲ್ಲಿ ನೀವೊಂದು ಕೇಂದ್ರ, ಪ್ರಶ್ನೆ ಅವರದು, ಮಾಹಿತಿ ಅವರದು. ಬರುವುದು ಶಿಸ್ತು: ಹೊತ್ತಿಗೆ ಸರಿಯಾಗಿ ದಾಖಲೆ, ಗಂಭೀರ ತೊಂದರೆ ಏನಾದರೂ ಆದರೆ 24 ತಾಸಿನೊಳಗೆ ವರದಿ, ಪ್ರಯೋಗದಿಂದ ರೋಗಿಗೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಔಷಧ ಮಹಾನಿಯಂತ್ರಕರ ಅನುಮತಿ, ನೋಂದಾಯಿತ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆ ಟ್ರಯಲ್‌ಗಳ ರಾಷ್ಟ್ರೀಯ ದಾಖಲೆ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ, ಈ ಮೂರೂ ಕಾಗದ ಕಣ್ಣಾರೆ ನೋಡದೆ ಹೂಂ ಅನ್ನಬೇಡಿ. ನಿಮ್ಮಲ್ಲಿ ಕೋಆರ್ಡಿನೇಟರ್ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ಕೊಡುವುದಿಲ್ಲ ಎಂದರೆ ಆ ಫಾರ್ಮುಗಳನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಕೂತು ತುಂಬುವವರು ನೀವೇ. ಇದು ನಿಮ್ಮ ಮೊದಲ ಹೆಜ್ಜೆ ಆಗಬಾರದು ಎಂಬುದು ನನ್ನ ಅಭಿಪ್ರಾಯ. ಎರಡನೆಯದೋ ಮೂರನೆಯದೋ ಆಗಲಿ.

ಇನ್ನೊಂದು ಕಲ್ಪನೆ ರೋಗಿಗಳ ಕಡೆಯದು. 'ನಮ್ಮ ಮ್ಯಾಲ ಪ್ರಯೋಗ ಮಾಡ್ತೀರೇನ್ರಿ?' ಎಂದು ಕೇಳುತ್ತಾರೆ. ಅದನ್ನು ಅಜ್ಞಾನ ಎಂದು ತಳ್ಳಿಹಾಕಬೇಡಿ. ಒಮ್ಮೆ ಸವಣೂರು ಕಡೆಯ ಅಜ್ಜನೊಬ್ಬನ ಮುಂದೆ ಒಪ್ಪಿಗೆ ಪತ್ರ ಹಿಡಿದು ಕಾಲು ತಾಸು ವಿವರಿಸಿದ್ದೆ. ಹೆಬ್ಬೆಟ್ಟಿಗೆ ಇಂಕು ಹಚ್ಚುವ ಹೊತ್ತಿಗೆ ಕೈ ಹಿಂದೆಳೆದುಕೊಂಡ. 'ಸಾಹೇಬ್ರ, ನೀವು ಹೇಳಿದ್ದೆಲ್ಲಾ ಖರೇನ ಇರಬೇಕು. ಆದ್ರ ನಮ್ಮಪ್ಪ ಒಮ್ಮೆ ಹೆಬ್ಬೆಟ್ಟು ಒತ್ತಿದ್ದ, ನಾಕ ಎಕರೆ ಹೋತು.' ಆ ಅಜ್ಜನನ್ನು ನಾವು ಅಧ್ಯಯನಕ್ಕೆ ಸೇರಿಸಲಿಲ್ಲ, ಚಿಕಿತ್ಸೆ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಓದು ಬಾರದವರಿಗೆ ನಿಷ್ಪಕ್ಷಪಾತಿ ಸಾಕ್ಷಿ ಬೇಕು ಎಂದು ನಿಯಮವಿದೆ. ಅದರ ಜೊತೆ ಒಂದು ರಾತ್ರಿಯ ಬಿಡುವನ್ನೂ ಕೊಡಿ ಎನ್ನುತ್ತೇನೆ ನಾನು. ಮನೆಗೆ ಫೋನ್ ಹಚ್ಚಿ ಕೇಳಲಿ. ಒಪ್ಪಿಗೆ ಪತ್ರದ ಕನ್ನಡವನ್ನು ಬೆಂಗಳೂರಿನ ಏಜೆನ್ಸಿ ಮಾಡಿಸಿ ಕಳಿಸುತ್ತದೆ. 'ಯಾದೃಚ್ಛಿಕವಾಗಿ ಹಂಚಿಕೆ' ಎಂದಿರುತ್ತದೆ ಅದರಲ್ಲಿ. 'ಚೀಟಿ ಎತ್ತಿದಂಗ, ಯಾವ ಔಷಧ ಬರ್ತದ ಅಂತ ನನಗೂ ಗೊತ್ತಿರೂದಿಲ್ಲ' ಅಂದರೆ ನಮ್ಮ ಜನಕ್ಕೆ ತಟ್ಟನೆ ತಿಳಿಯುತ್ತದೆ.

ಒಂಟಿಯಾಗಿ ಟ್ರಯಲ್ ಹೊರುವ ಬದಲು ಸರ್ಕಾರಿ ಸಂಸ್ಥೆಗಳು ನಡೆಸುವ ಬಹುಕೇಂದ್ರ ಅಧ್ಯಯನಕ್ಕೆ ಸೇರುವುದು ಒಳ್ಳೆಯದು. ಕೋವಿಡ್‌ನಲ್ಲಿ ಗುಣವಾದವರ ರಕ್ತದ ಪ್ಲಾಸ್ಮಾಕ್ಕಾಗಿ ಜನ ಊರೂರು ಅಲೆದದ್ದು ನೆನಪಿರಬೇಕು. ಐಸಿಎಂಆರ್ 39 ಆಸ್ಪತ್ರೆಗಳನ್ನು ಕೂಡಿಸಿಕೊಂಡು 464 ರೋಗಿಗಳಲ್ಲಿ ಅದನ್ನು ಪರೀಕ್ಷಿಸಿತು. ಪ್ಲಾಸ್ಮಾದಿಂದ ಸಾವು ಕಡಿಮೆಯಾಗಲಿಲ್ಲ ಎಂದು 2020ರಲ್ಲೇ ತಿಳಿಯಿತು. ಪ್ರಯೋಜನ ಇಲ್ಲ ಎಂಬುದೂ ಫಲಿತಾಂಶವೇ. ಹಾಗೆ ಬಂದರೆ ಮುಚ್ಚಿಡಬೇಡಿ.

ಈಗ ಕುರ್ಚಿಯ ಮಾತು. ಮೊದಲು ಈ ಸೀಮೆಗೆಲ್ಲ ಸರ್ಕಾರಿ ಕಾಲೇಜು ಎಂದರೆ ಹುಬ್ಬಳ್ಳಿಯದೊಂದೇ. ಆಡಳಿತದ ಹುದ್ದೆ ಬರುವಷ್ಟರಲ್ಲಿ ತಲೆ ಬೆಳ್ಳಗಾಗಿರುತ್ತಿತ್ತು. 2015ರಲ್ಲಿ ಗದಗ, 2022ರಲ್ಲಿ ಹಾವೇರಿ ಕಾಲೇಜುಗಳು ಶುರುವಾದವು. ಕಾಲೇಜು ಹೆಚ್ಚಿದಷ್ಟು ಬೇಗ ಹಿರಿಯರು ಹೆಚ್ಚುವುದಿಲ್ಲ, ಆದ್ದರಿಂದ 36ಕ್ಕೇ ಕುರ್ಚಿ ಬಂದು ನಿಮ್ಮ ಮುಂದೆ ನಿಂತಿದೆ. ಅದು ನಿಮ್ಮ ಮೇಲಿನ ನಂಬಿಕೆಯೂ ಹೌದು, ಬೇರೆ ಯಾರೂ ಒಪ್ಪಲಿಲ್ಲ ಎಂಬುದೂ ಇರಬಹುದು. ಯಾವುದೆಂದು ಮೆಲ್ಲಗೆ ವಿಚಾರಿಸಿ.

ಮೂರು ವರ್ಷ ಆ ಕೆಲಸ ಮಾಡಿದವನು ನಾನು. ಟೆಂಡರು, ಪಾರದರ್ಶಕ ಖರೀದಿ ಕಾಯ್ದೆ, ಆಡಿಟ್ ಆಕ್ಷೇಪಣೆ, ಹೊರಗುತ್ತಿಗೆಯವರ ಪಗಾರ, ಲಿಫ್ಟು ಕೆಟ್ಟದ್ದು. ಸ್ಟೆಥಾಸ್ಕೋಪು ಗೂಟಕ್ಕೆ ನೇತುಬಿದ್ದು ಧೂಳು ಹಿಡಿಯಿತು. ಆದರೂ ಒಂದು ವಿಷಯ ಅಲ್ಲಿ ಕೂತಿದ್ದಕ್ಕೇ ಗೊತ್ತಾಯಿತು. ಫಿಜಿಷಿಯನ್ ಆಗಿದ್ದಾಗ ಪ್ರತಿ ವರ್ಷ ಎಣ್ಣಿ ಹೊಡೆಯುವ ಹಂಗಾಮಿನಲ್ಲೇ ಅಟ್ರೋಪಿನ್ ಮುಗಿದುಹೋಗುತ್ತದೆ ಎಂದು ಸೂಪರಿಂಟೆಂಡೆಂಟ್ ಸಾಹೇಬರನ್ನು ಬೈದುಕೊಳ್ಳುತ್ತಿದ್ದೆ. ಆ ಕುರ್ಚಿಯಲ್ಲಿ ಕೂತು ಸ್ಟೋರ್ ರಿಜಿಸ್ಟರ್ ತಿರುವಿದಾಗ ಕಂಡದ್ದು: ವರ್ಷದ ಇಂಡೆಂಟನ್ನು, ಅಂದರೆ ಔಷಧದ ಬೇಡಿಕೆಯನ್ನು, ಹನ್ನೆರಡು ತಿಂಗಳಿಗೆ ಸಮನಾಗಿ ಭಾಗಿಸಿ ಬಿಟ್ಟಿದ್ದರು. ಫೆಬ್ರುವರಿಗೆ ಎಷ್ಟೋ ಆಗಸ್ಟಿಗೂ ಅಷ್ಟೇ. ಯಾರ ದುರುದ್ದೇಶವೂ ಅಲ್ಲ, ಗುಮಾಸ್ತನ ಭಾಗಾಕಾರ. ಮುಂದಿನ ವರ್ಷ ಮುಂಗಾರಿಗೆ ಮೊದಲೇ ಹೆಚ್ಚು ತರಿಸಿಟ್ಟೆವು. ಇಷ್ಟು ಮಾಡಿದ್ದಕ್ಕೆ ಯಾರೂ ಪೇಪರ್ ಬರೆಯುವುದಿಲ್ಲ. ನನ್ನ ಮೂವತ್ತು ವರ್ಷದಲ್ಲಿ ಹೆಚ್ಚು ಜೀವ ಉಳಿಸಿದ ಕೆಲಸ ಅದೇ ಇರಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಹೀಗಿದ್ದೂ ನಿಮಗೆ ಈಗ ಬೇಡ ಎನ್ನುತ್ತೇನೆ. ಎರಡು ಪ್ರಕಟಣೆ, ಎರಡು ಕೋರ್ಸು ಮುಗಿಯದೆ ಆಡಳಿತಕ್ಕೆ ಹೋದವರು ಅಲ್ಲೇ ಸಿಕ್ಕಿಕೊಂಡು, ಕಿರಿಯರು ಪ್ರೊಫೆಸರ್ ಆಗುವುದನ್ನು ನೋಡುತ್ತಾ ಕೂತದ್ದನ್ನು ಕಂಡಿದ್ದೇನೆ. ಸಾರಾಸಗಟಾಗಿ ಒಲ್ಲೆ ಎಂದರೆ ಮೇಲಿನವರಿಗೆ ಮುನಿಸು ಬರಬಹುದು, ಆ ಅಪಾಯವೂ ಇದೆ. ಅದಕ್ಕೇ ಬದಲಿಗೆ ಒಂದನ್ನು ಕೇಳಿಕೊಳ್ಳಿ: ಕೇಸ್ ರೆಕಾರ್ಡ್ ಸಮಿತಿಯೋ ಔಷಧ ಸಮಿತಿಯೋ, ಒಂದರ ಹೊಣೆ. ಆಡಳಿತ ಹೇಗೆ ನಡೆಯುತ್ತದೆಂದು ತಿಳಿಯುತ್ತದೆ, ನಿಮ್ಮ ಅಧ್ಯಯನಕ್ಕೂ ಕೀಲಿಕೈ ಸಿಗುತ್ತದೆ. ಒಂದು ವೇಳೆ ಡೆಪ್ಯುಟಿ ಆಗಲೇಬೇಕಾಗಿ ಬಂದರೆ, ವಾರಕ್ಕೆ ಎರಡು ಬೆಳಿಗ್ಗೆ ವಾರ್ಡ್ ರೌಂಡ್ಸ್ ಬಿಡುವುದಿಲ್ಲ ಎಂಬುದನ್ನು ಆದೇಶದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ.

ವೆಲ್ಲೂರು, ಚೆನ್ನೈಗೆ ಹೋಗಿ ಎರಡು ವರ್ಷ ಎಪಿಡೆಮಿಯಾಲಜಿ (ರೋಗಗಳು ಜನರಲ್ಲಿ ಹರಡುವ ಬಗೆಯ ಅಧ್ಯಯನ) ಓದಿ ಬರುವ ದಾರಿಯೂ ಇದೆ. ರಜೆ, ಸೀನಿಯಾರಿಟಿ, ಮನೆ, ಈ ಮೂರರ ಲೆಕ್ಕ ನಿಮಗೇ ಗೊತ್ತು. ಒಂದು ಅಧ್ಯಯನ ಕೈಯಾರೆ ಮಾಡಿ, ಎಲ್ಲಿ ಎಡವಿದೆ ಎಂದು ತಿಳಿದ ಮೇಲೆ ಹೋದರೆ ಅಲ್ಲಿನ ಪಾಠ ಹತ್ತುತ್ತದೆ.

ನಿಮ್ಮ ಪ್ರಶ್ನೆಗೆ ಮರಳುತ್ತೇನೆ. ಮೊದಲು ಹಳೆಯ ಕೇಸ್ ಶೀಟುಗಳಿಂದ ಶುರುಮಾಡಿ. ಹಳೆಯ ಕಾಗದ ತಾನೇ ಎಂದು ಎಥಿಕ್ಸ್ ಕಮಿಟಿ ಬಿಡಬೇಡಿ, ಇಂಥದ್ದಕ್ಕೆ ಪ್ರತಿ ರೋಗಿಯ ಒಪ್ಪಿಗೆಗೆ ವಿನಾಯಿತಿ ಕೊಡುವ ಅಧಿಕಾರವೂ ಆ ಕಮಿಟಿಗೇ ಇರುವುದು. ನಾನು ಹಿಂದೊಮ್ಮೆ ಇಂಥದ್ದೇ ಗಂಟುಗಳನ್ನು ಬಿಚ್ಚಿದಾಗ, ವಿಷ ಸೇವಿಸಿದ ಹೊತ್ತು ಅರ್ಧಕ್ಕಿಂತ ಹೆಚ್ಚು ಶೀಟುಗಳಲ್ಲಿ ಇರಲಿಲ್ಲ. ಕೈಚೆಲ್ಲಿ ಕೂತಿದ್ದೆ. ಕ್ಯಾಶುವಾಲ್ಟಿಯ ಹಳೆಯ ಸಿಬ್ಬಂದಿಯೊಬ್ಬರು 'ಎಂಎಲ್‌ಸಿ ರಿಜಿಸ್ಟರ್ ನೋಡ್ರಿ ಸರ್' ಅಂದರು. ಅದು ಮೆಡಿಕೋ-ಲೀಗಲ್ ಕೇಸುಗಳ, ಪೊಲೀಸರಿಗೆ ಉತ್ತರ ಹೇಳಬೇಕಾದ ಪುಸ್ತಕವಾದ್ದರಿಂದ ಅದರಲ್ಲಿ ಹೊತ್ತು ಬರೆದೇ ಇರುತ್ತಾರೆ.

ಒಂದು ಬಲೆಯ ಬಗ್ಗೆ ಈಗಲೇ ಎಚ್ಚರಿಸುತ್ತೇನೆ. ದೂರದಿಂದ ತಡವಾಗಿ ಬಂದವರಲ್ಲಿ ಸಾವು ಕಡಿಮೆ ಕಂಡರೆ ಹಿಗ್ಗಬೇಡಿ. ತೀರಾ ಕೆಟ್ಟಿದ್ದವರು ಮೊದಲ ದವಾಖಾನೆಯಲ್ಲೋ ಆಂಬುಲೆನ್ಸಿನಲ್ಲೋ ತೀರಿಕೊಂಡಿರುತ್ತಾರೆ, ನಿಮ್ಮ ರಿಜಿಸ್ಟರಿಗೆ ಬರುವುದೇ ಇಲ್ಲ. ಅದರ ತಿರುಗುಮುರುಗೂ ಇದೆ: ಸಣ್ಣ ದವಾಖಾನೆಯವರು ಮುಂದಕ್ಕೆ ಕಳಿಸುವುದು ಜೋರಾದ ಕೇಸುಗಳನ್ನೇ. ಹಾಗಾಗಿ ವೆಂಟಿಲೇಟರ್ ಹೆಚ್ಚಿದ್ದಕ್ಕೆ ಸುತ್ತಾಟ ಕಾರಣವೋ ವಿಷದ ಪ್ರಮಾಣ ಕಾರಣವೋ ಎಂದು ಬಿಡಿಸಬೇಕು. ಕಮ್ಯುನಿಟಿ ಮೆಡಿಸಿನ್ ವಿಭಾಗದಲ್ಲಿ ಸ್ಟ್ಯಾಟಿಸ್ಟಿಕ್ಸ್ ಬಲ್ಲವರು ಇರುತ್ತಾರೆ. ಮಾಹಿತಿ ತುಂಬಿದ ಮೇಲಲ್ಲ, ತುಂಬುವ ಮೊದಲೇ ಅವರ ಜೊತೆ ಕೂತು ಒಂದು ಚಹಾ ಕುಡಿಯಿರಿ.

ಒಬ್ಬ ಪಿಜಿಯ ಥೀಸಿಸ್ ಆಗಿ ಇದನ್ನೇ ಮುಂದಕ್ಕೆ ನಡೆಸಬಹುದು. ಎಂಬಿಬಿಎಸ್ ಹುಡುಗರಿಗೆ ಐಸಿಎಂಆರ್‌ನ ಎಸ್‌ಟಿಎಸ್ ಯೋಜನೆಯಿದೆ, ಎರಡು ತಿಂಗಳ ಸಣ್ಣ ಅಧ್ಯಯನಕ್ಕೆ. ನಿಮ್ಮದು ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾದರೆ ಅಲ್ಲೂ ಅಧ್ಯಾಪಕರಿಗೆ ಸಂಶೋಧನಾ ಅನುದಾನವಿದೆ. ಪಾಠ, ಸಂಶೋಧನೆ ಎಂದು ನೀವು ಬೇರೆ ಬೇರೆ ಎಣಿಸಿದ್ದು ಇಲ್ಲಿ ಒಂದೇ ಹಾಸಿಗೆಯ ಪಕ್ಕ ನಿಂತಿರುತ್ತವೆ. ದಿಂಬಿನಿಂದ ತಲೆ ಎತ್ತುತ್ತಿಲ್ಲ ಎಂದು ನನಗೆ ಹೇಳಿದ್ದು ವಿದ್ಯಾರ್ಥಿನಿ ಎಂಬುದನ್ನು ಮರೆತಿಲ್ಲ ನಾನು.

ಹದಿನೈದು ದಿನ ಇದೆಯಲ್ಲ. ಉತ್ತರ ಕೊಡುವ ಮುಂಚೆ ರೆಕಾರ್ಡ್ ರೂಮಿನ ಗುಮಾಸ್ತರನ್ನು ಕಂಡು ಕಳೆದ ಹಂಗಾಮಿನ ಇಪ್ಪತ್ತೇ ಇಪ್ಪತ್ತು ಶೀಟು ತೆಗೆಸಿ. ಒಂದು ಹಾಳೆಗೆ ಗೆರೆ ಎಳೆಯಿರಿ: ವಿಷ ಸೇವಿಸಿದ ಹೊತ್ತು, ಯಾವ ವಿಷ, ಡಬ್ಬಿ ತಂದಿದ್ದರೋ ಇಲ್ಲವೋ, ಮೊದಲ ದವಾಖಾನೆ ಮುಟ್ಟಿದ ಹೊತ್ತು, ಮೊದಲ ಅಟ್ರೋಪಿನ್ ಎಲ್ಲಿ ಬಿತ್ತು, ನಿಮ್ಮಲ್ಲಿಗೆ ಬಂದ ಹೊತ್ತು, ಮೂರನೇ ದಿನ ತಲೆ ಎತ್ತಿದನೋ ಇಲ್ಲವೋ, ವೆಂಟಿಲೇಟರ್, ಮನೆಗೆ ಹೋದನೋ. ಹೆಸರು ಬೇಡ, ಊರೂ ಬೇಡ. ನಮ್ಮ ಊರುಗಳು ಸಣ್ಣವು, ಹಳ್ಳಿಯ ಹೆಸರೊಂದು ಸಾಕು, ಯಾರ ಮನೆಯ ಹುಡುಗ ಎಂದು ಗೊತ್ತಾಗಿಬಿಡುತ್ತದೆ. ಮೂರನೇ ದಿನದ ಕಾಲಂ ಎಲ್ಲ ಇಪ್ಪತ್ತು ಶೀಟಿಗೂ ಖಾಲಿಯೇ ಉಳಿಯುತ್ತದೆ ಎಂದು ನನ್ನ ಅಂದಾಜು. ಉಳಿದರೆ ಹಾಳೆ ಹರಿಯಬೇಡಿ, ಮಾರನೆಯ ದಿನ ರೌಂಡ್ಸಿಗೆ ಅದನ್ನೇ ತೆಗೆದುಕೊಂಡು ಹೋಗಿ.